ಐದನೆಯ ಪುಟದ ಪೆನ್ಸಿಲ್

ಖಾನಾಪುರದ ನಮ್ಮ ಹಳೆಯ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದೆ. ಮಳೆಗಾಲಕ್ಕೆ ಮುಂಚೆ ಹಂಚು ಸರಿಮಾಡಲು ಬಂದ ಆಳು ಅದನ್ನು ಕೆಳಗಿಳಿಸಿ, "ಏನ್ರೀ ಇದು, ಕಲ್ಲ ತುಂಬೀರೇನು?" ಅಂದ. ತೆರೆದರೆ ಪುಸ್ತಕ. ಒಂದು ಮಗ್ಗುಲಿಗೆ ಅವ್ವನ ಕನ್ನಡ ಪತ್ತೇದಾರಿ ಕಾದಂಬರಿಗಳು, ಇನ್ನೊಂದು ಮಗ್ಗುಲಿಗೆ ಕಾಕಾನ ಮರಾಠಿ ರಹಸ್ಯಕಥೆಗಳು, ನಡುವೆ ಗೆರೆ ಎಳೆದ ಹಾಗೆ ಒಂದು ಹಳೆಯ ಪಂಚಾಂಗ. ಗೆದ್ದಲು ಎರಡೂ ಭಾಷೆಗಳನ್ನು ಸಮನಾಗಿ ತಿಂದಿತ್ತು.

ಅದರಲ್ಲಿ ಒಂದಕ್ಕೆ ರಕ್ಷಾಪುಟ ಇರಲಿಲ್ಲ. ಹೆಸರಿನ ಪುಟವೂ ಇಲ್ಲ, ಬರೆದವರು ಯಾರೆಂದು ತಿಳಿಯುವ ದಾರಿಯೂ ಇಲ್ಲ. ಐದನೆಯ ಪುಟದ ಮೇಲಂಚಿನಲ್ಲಿ ಯಾರೋ ಪುಣ್ಯಾತ್ಮರು ಪೆನ್ಸಿಲ್ಲಿನಿಂದ ಬರೆದಿದ್ದರು: "ಖೂನಿ ಮಾಡಿದಾಂವ ವಕೀಲ. ಸುಮ್ನ ನಿದ್ದಿ ಕೆಡಿಸ್ಕೋಬ್ಯಾಡ್ರಿ." ಬಾಡಿಗೆ ಲೈಬ್ರರಿಯ ಪುಸ್ತಕಗಳಲ್ಲಿ ಈ ಚೇಷ್ಟೆ ಹೊಸದೇನೂ ಅಲ್ಲ. ಚಿಕ್ಕವನಿದ್ದಾಗ ಇಂಥ ಬರಹ ಕಂಡರೆ ಕಣ್ಣೀರು ಬರುವಷ್ಟು ಸಿಟ್ಟು ಬರುತ್ತಿತ್ತು. ಈಗ ಅರವತ್ತು ದಾಟಿದ ಮೇಲೆ ಅನಿಸಿದ್ದೇ ಬೇರೆ. ಕೊಲೆಗಾರ ಯಾರೆಂದು ಐದನೆಯ ಪುಟದಲ್ಲೇ ತಿಳಿದುಹೋದರೆ ಯಾವ ಪುಸ್ತಕ ಇನ್ನೂ ಓದಿಸಿಕೊಳ್ಳುತ್ತದೆ? ನನಗೆ ಪ್ರೀತಿಯ ಲೇಖಕರನ್ನೆಲ್ಲ ಒಮ್ಮೆ ಈ ಪೆನ್ಸಿಲ್ಲಿನ ಕೆಳಗೆ ತಂದು ನಿಲ್ಲಿಸಬೇಕು ಅನಿಸಿತು. ಅದಕ್ಕೇ ಈ ಬರಹ.

ನಾನು ಓದು ಕಲಿತದ್ದು ಶಾಲೆಗಿಂತ ಹೆಚ್ಚಾಗಿ ರೈಲಿನಲ್ಲಿ. ಖಾನಾಪುರದಿಂದ ಬೆಳಗಾವಿಗೆ ಸುಮಾರು ಇಪ್ಪತ್ತೈದು ಕಿಲೋಮೀಟರಿನ ದಾರಿ. ನಡುವೆ ಇದಲಹೊಂಡ, ದೇಸೂರ. ಕೆಲಸಕ್ಕೆಂದು ವರ್ಷಗಟ್ಟಲೆ ಓಡಾಡಿದೆ. ನೂರಿಪ್ಪತ್ತು ಪುಟದ ಪತ್ತೇದಾರಿ ಕಾದಂಬರಿಗೆ ಹೋಗುವ ಒಂದು ಸಲ, ಬರುವ ಒಂದು ಸಲ ಸಾಕು. ಖಾನಾಪುರದಲ್ಲಿ ಹೆಣ ಬಿದ್ದರೆ ದೇಸೂರಿನಲ್ಲಿ ಸಂಶಯ, ಸಂಜೆ ಮರಳುವಾಗ ಇದಲಹೊಂಡ ದಾಟುವಷ್ಟರಲ್ಲಿ ಕೈಗೆ ಕೋಳ. ಗಾಡಿ ತಡವಾದ ದಿನ ಪತ್ತೇದಾರನೂ ಹೊಲದ ನಡುವೆ ಸಿಗ್ನಲ್ಲಿಗೆ ಕಾಯುತ್ತ ನಿಲ್ಲುತ್ತಿದ್ದ. ನಮ್ಮ ಡಬ್ಬಿಯಲ್ಲಿ ಒಬ್ಬರ ಕೈಯಲ್ಲಿ ಕನ್ನಡ, ಎದುರಿನವರ ಕೈಯಲ್ಲಿ ಮರಾಠಿ, ಕಿಟಕಿ ಪಕ್ಕದ ಚಾಚಾನ ಕೈಯಲ್ಲಿ ಇಬ್ನೆ ಸಫಿಯ ಉರ್ದು. ಗಡಿಯ ಗದ್ದಲ ಊರಿನಲ್ಲಿ ಎಷ್ಟೇ ಇರಲಿ, ಹೆಣ ಬಿದ್ದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ: ಯಾರು ಮಾಡಿದ್ದು?

ಅವ್ವನ ಪಾಲಿನಿಂದಲೇ ಶುರು ಮಾಡುತ್ತೇನೆ. ಅದರಲ್ಲಿ ಅರ್ಧಕ್ಕೂ ಹೆಚ್ಚು ಎನ್. ನರಸಿಂಹಯ್ಯನವರದು. 1925ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡ ಈ ಮನುಷ್ಯ ಓದಿದ್ದು ನಾಲ್ಕನೆಯ ಇಯತ್ತೆ. ಹೊಟ್ಟೆಪಾಡಿಗೆ ಬಸ್ ಕಂಡಕ್ಟರಿಕೆಯನ್ನೂ ಮಾಡಿದ್ದರು. ಬರೆದದ್ದು ಐನೂರಕ್ಕೂ ಮಿಕ್ಕಿ ಕಾದಂಬರಿ. 1952ರಲ್ಲಿ 'ಪತ್ತೇದಾರ ಪುರುಷೋತ್ತಮ' ಬಂತು. ಆಮೇಲೆ ಮಧುಸೂದನ ಬಂದ, ಅರಿಂಜಯ ಬಂದ, ಗಾಳಿರಾಯ ಬಂದ. ಕನ್ನಡದಲ್ಲಿ ಅಕ್ಷರ ಕೂಡಿಸಿ ಓದಲು ಬರುವವರನ್ನು ಪೂರ್ತಿ ಪುಸ್ತಕ ಓದುವವರನ್ನಾಗಿ ಮಾಡಿದವರು ಇವರೇ. ಹಳೆಯ ಮೈಸೂರಿನ ಅಚ್ಚಿನ ಕನ್ನಡ ನಮ್ಮ ಅವ್ವನಂಥ ಮುಂಬಯಿ ಕರ್ನಾಟಕದ ಹೆಂಗಸಿಗೆ ರೂಢಿಯಾದದ್ದೂ ಇವರಿಂದಲೇ. "ಅವರ ಪೊಲೀಸ್ರು 'ಬನ್ನಿ, ಕೂತ್ಕೊಳ್ಳಿ' ಅಂತ ಎಷ್ಟ್ ಮರ್ಯಾದಿಲೆ ಮಾತಾಡ್ತಾರ ನೋಡೋ" ಅಂತ ಅವ್ವ ನಗುತ್ತಿದ್ದಳು. ನಮ್ಮ ಠಾಣೆಯ ಭಾಷೆ ಅವಳಿಗೆ ಗೊತ್ತಿತ್ತು.

ಐನೂರೂ ಒಂದೇ ತೂಕದವೇ ಎಂದರೆ ಖಂಡಿತ ಅಲ್ಲ. ಟ್ರಂಕಿನಲ್ಲಿದ್ದ ಹದಿನೆಂಟನ್ನು ಮತ್ತೆ ಓದಿದೆ. ಐದಾರು ಈಗಲೂ ಗಾಳಿಗೆ ಬಿಟ್ಟ ಗಾಳಿಪಟದ ಹಾಗೆ ಏರುತ್ತವೆ. ಮೊದಲ ಪುಟದಲ್ಲೇ ಮಳೆ, ಕತ್ತಲು, ನಿರ್ಜನ ಬಂಗಲೆ, ಬಾಗಿಲು ತಟ್ಟುವ ಸದ್ದು. ಎರಡನೆಯ ಪುಟಕ್ಕೆ ಹೆಣ. ಒಂದು ವಾಕ್ಯಕ್ಕೆ ಒಂದೇ ಕೆಲಸ ಹೇಳುವ ಶಿಸ್ತು ಅವರದು. ಅದನ್ನು ಬಿ.ಎ., ಎಂ.ಎ. ಮಾಡಿದ ಎಷ್ಟೋ ಮಂದಿ ಕಲಿಯಲಿಲ್ಲ. ಇನ್ನು ಏಳೆಂಟು ಸಾಧಾರಣ. ಉಳಿದವು ಹೆಸರು ಬದಲಿಸಿದ ಅದೇ ಕಥೆ. ಬಂಗಲೆ ಅದೇ, ಉಯಿಲು ಅದೇ, ವೇಷ ಮರೆಸಿಕೊಂಡ ಸೋದರಳಿಯನೂ ಅವನೇ. ಒಂದರಲ್ಲಂತೂ ಹನ್ನೊಂದನೆಯ ಅಧ್ಯಾಯದಲ್ಲಿ ಸತ್ತವನು ಹದಿನಾಲ್ಕರಲ್ಲಿ ಚಹಾ ಕುಡಿಯುತ್ತಾನೆ. ಲೇಖಕರು ಮರೆತರೋ, ಮೊಳೆ ಜೋಡಿಸುವವನು ಹಾಳೆ ಅದಲುಬದಲು ಮಾಡಿದನೋ, ದೇವರಿಗೇ ಗೊತ್ತು.

ಇದಕ್ಕೆ ಲೇಖಕರನ್ನೊಬ್ಬರನ್ನೇ ಹಿಡಿದು ಬೈಯುವುದು ಸರಿಯಲ್ಲ. ಈ ಪುಸ್ತಕಗಳ ವ್ಯವಹಾರ ನಡೆಯುತ್ತಿದ್ದದ್ದು ಫಾರಮ್ಮಿನ ಲೆಕ್ಕದಲ್ಲಿ. ಹದಿನಾರು ಪುಟಕ್ಕೆ ಒಂದು ಫಾರಂ. ಆರೋ ಏಳೋ ಎಂಟೋ ಫಾರಮ್ಮಿಗೆ ಪುಸ್ತಕ ಮುಗಿಯಬೇಕು. ಕಾಗದದ ದರ ಏರಿದರೆ ಕಥೆ ಕುಗ್ಗಬೇಕು. ಕೊನೆಯ ಫಾರಂ ತುಂಬದಿದ್ದರೆ ಪತ್ತೇದಾರ ಇನ್ನೊಂದು ಸಲ ಕಾರು ಹತ್ತಿ ಊರು ಸುತ್ತಬೇಕು. ಇಂಥ ಪುಸ್ತಕಗಳಿಗೆ ಬಹಳ ಸಲ ಹಕ್ಕನ್ನು ಒಂದೇ ಗಂಟಿಗೆ ಕೊಟ್ಟುಬಿಡುವ ಪದ್ಧತಿ. ಹತ್ತು ಸಾವಿರ ಪ್ರತಿ ಹೋದರೂ ಬರೆದವನಿಗೆ ಸಿಕ್ಕಿದ್ದಷ್ಟೇ. ಹಾಗಿದ್ದ ಮೇಲೆ ಒಳ್ಳೆಯದನ್ನು ನಿಧಾನವಾಗಿ ಬರೆಯುವುದಕ್ಕಿಂತ ಇನ್ನೊಂದನ್ನು ಬೇಗ ಬರೆಯುವುದರಲ್ಲೇ ಮನೆ ನಡೆಯುತ್ತದೆ. ನರಸಿಂಹಯ್ಯನವರ ಒಳ್ಳೆಯ ಪುಸ್ತಕ, ಕೆಟ್ಟ ಪುಸ್ತಕ ಎಂದು ನಾವು ವಿಂಗಡಿಸುವುದರ ಹಿಂದೆ ಬಾಡಿಗೆ ಕಟ್ಟಬೇಕಾದ ತಿಂಗಳು, ಕಟ್ಟಿಯಾದ ತಿಂಗಳು ಎಂಬ ಲೆಕ್ಕವೂ ಇದ್ದೀತು ಎಂದು ನನ್ನ ಅನುಮಾನ.

ಪೆನ್ಸಿಲ್ಲಿನ ಪರೀಕ್ಷೆಗೆ ಒಡ್ಡಿದರೆ ಇವರ ಪುಸ್ತಕಗಳಲ್ಲಿ ಬಹುಪಾಲು ಸೋಲುತ್ತವೆ. ಕೊಲೆಗಾರನ ಹೆಸರು ಗೊತ್ತಾದರೆ ಉಳಿಯುವುದು ಓಟ ಮಾತ್ರ. ಆದರೆ ಆ ಓಟಕ್ಕೇ ಒಂದು ಬೆಲೆ ಇದೆ. ಕುಸ್ತಿಯಲ್ಲಿ ಯಾರು ಗೆದ್ದರೆಂದು ಗೊತ್ತಿದ್ದೂ ಪಟ್ಟು ನೋಡಲು ಕೂರುವವರಿಲ್ಲವೇ, ಹಾಗೆ.

ಅವ್ವನ ಕಡೆಯ ಇನ್ನೊಬ್ಬ ಲೇಖಕರ ಹೆಸರು ಕೇಳಿದರೆ ಬೆಳಗಾವಿಯವರು ಕಿವಿ ನೆಟ್ಟಗೆ ಮಾಡಬೇಕು. ಅವರು ಮ. ರಾಮಮೂರ್ತಿ. ನೂರಕ್ಕೂ ಮೇಲ್ಪಟ್ಟು ಪತ್ತೇದಾರಿ ಕಾದಂಬರಿ ಬರೆದವರು. ನಮ್ಮಲ್ಲಿ ಅವರ ಕಾದಂಬರಿ ಓದಿದವರು ಈಗ ಬೆರಳೆಣಿಕೆ. ಆದರೆ ಅವರು ರೂಪಿಸಿದ ಒಂದು ವಸ್ತುವನ್ನು ನೋಡದ ಬೆಳಗಾವಿಗನಿಲ್ಲ. ಅರಿಶಿನ ಕುಂಕುಮದ ಬಣ್ಣದ ಕನ್ನಡ ಬಾವುಟ ಅವರದೇ ಕೈಯದು. 2020ರ ಡಿಸೆಂಬರ್ ಕೊನೆಯಲ್ಲಿ ನಮ್ಮ ಮಹಾನಗರ ಪಾಲಿಕೆಯ ಮುಂದೆ ಅದನ್ನು ಏರಿಸಿದಾಗ ಎಷ್ಟು ಗದ್ದಲವಾಯಿತು, ಎಷ್ಟು ದಿನ ಪೊಲೀಸರು ಕಾವಲು ನಿಂತರು ಎಂಬುದು ಎಲ್ಲರಿಗೂ ನೆನಪಿದೆ. ಆ ಕಂಬದ ಕೆಳಗೆ ಕೂಗಾಡಿದ ಎರಡೂ ಕಡೆಯವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ, ಇದು ಒಬ್ಬ ಪತ್ತೇದಾರಿ ಕಾದಂಬರಿಕಾರ ಮಾಡಿದ ಬಾವುಟವೆಂದು! 1967ರ ಡಿಸೆಂಬರಿನಲ್ಲಿ ಹೊಲದಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿದು, ಇಬ್ಬರು ಗಂಡುಮಕ್ಕಳ ಜತೆಗೇ ತೀರಿಕೊಂಡರು. ಅವರ ಯಾವ ಕಾದಂಬರಿಯಲ್ಲೂ ಅಷ್ಟು ಕ್ರೂರವಾದ ಕೊನೆಯನ್ನು ನಾನು ಓದಿಲ್ಲ.

ಕಾದಂಬರಿಕಾರರಾಗಿ? ಅಭಿಮಾನವನ್ನು ಬದಿಗಿಟ್ಟು ಹೇಳುತ್ತೇನೆ: ನರಸಿಂಹಯ್ಯನವರ ವೇಗ ಇವರಿಗಿಲ್ಲ, ಸಂಭಾಷಣೆಯೂ ಭಾರ. ಕಳ್ಳನೂ ಒಮ್ಮೊಮ್ಮೆ ರಾಜ್ಯೋತ್ಸವದ ಭಾಷಣಕಾರನ ಹಾಗೆ ಮಾತಾಡುತ್ತಾನೆ. ಆದರೆ ಇವರ ಪುಸ್ತಕಗಳಲ್ಲಿ ಏರಿಳಿತ ಕಡಿಮೆ. ನಾನು ಓದಿದ ಆರೂ ಸುಮಾರು ಒಂದೇ ಮಟ್ಟದಲ್ಲಿವೆ. ಒಂದೇ ಸಮನಾಗಿ ಸಾಧಾರಣವಾಗಿರುವುದೂ ಒಂದು ಗುಣವೇ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ನಾನಂತೂ ಏಳುಬೀಳಿನವರ ಕಡೆಗೇ ಹೋಗುತ್ತೇನೆ.

ಈಗ ಪಂಚಾಂಗದ ಆಚೆ ಮಗ್ಗುಲಿಗೆ. ಕಾಕಾ 1848ರಷ್ಟು ಹಳೆಯದಾದ ಬೆಳಗಾವಿಯ ಸಾರ್ವಜನಿಕ ವಾಚನಾಲಯಕ್ಕೆ ವರ್ಗಣಿ ಕೊಡುತ್ತಿದ್ದ. ಅಲ್ಲಿ ತರುತ್ತಿದ್ದದ್ದು ಘನವಾದ ಪುಸ್ತಕಗಳನ್ನು. ಮನೆಗೆ ದುಡ್ಡು ಕೊಟ್ಟು ತಂದದ್ದು ಮಾತ್ರ ಬಾಬುರಾವ್ ಅರ್ನಾಳಕರ. ಕಾಳಾಪಹಾಡ, ಝುಂಜಾರ ಎಂಬ ನಾಯಕರ ಸುತ್ತ ಸಾವಿರಕ್ಕೂ ಮಿಕ್ಕಿ ರಹಸ್ಯಕಥೆ ಬರೆದ ಮನುಷ್ಯ. ನಮ್ಮ ನರಸಿಂಹಯ್ಯನವರಿಗಿಂತ ಇಮ್ಮಡಿ. ಓದುವ ಸುಖ, ಓದಿದ ಮೇಲಿನ ಮರೆವು ಎರಡೂ ಹಾಗೆಯೇ. ಗೋವಾ ಮೂಲದ ಗುರುನಾಥ ನಾಯಿಕರೂ ಸಾವಿರ ದಾಟಿದವರೇ. ಇವರಲ್ಲಿ ಕಾಡು, ಗಡಿ, ಸೈನಿಕ, ಗೂಢಚಾರ ಹೆಚ್ಚು. ಚೋರ್ಲಾ ಘಾಟು ಇಳಿದರೆ ಗೋವಾ ಎನ್ನುವ ಊರಿನವರಾದ ನಮಗೆ ಆ ಕತ್ತಲು ಚೆನ್ನಾಗಿ ಅರ್ಥವಾಗುತ್ತಿತ್ತು. ಆದರೆ ನಾಲ್ಕು ಓದಿದ ಮೇಲೆ ಐದನೆಯದನ್ನು ನಾವೇ ಬರೆಯಬಹುದು ಅನಿಸುತ್ತದೆ.

ಮರಾಠಿಯಲ್ಲಿ ಕಾಕಾನ ಕಾಲಕ್ಕಿಂತ ನನ್ನ ಕಾಲಕ್ಕೆ ಸೇರಿದವರು ಸುಹಾಸ ಶಿರವಳಕರ. ಪುಣೆಯವರು, 1948ರಲ್ಲಿ ಹುಟ್ಟಿ 2003ರಲ್ಲಿ ಹೋದರು. ಮಂದಾರ ಪಟವರ್ಧನ, ಫಿರೋಜ್ ಇರಾಣಿ, ದಾರಾ ಬುಲಂದ ಎಂದು ಒಬ್ಬೊಬ್ಬ ನಾಯಕನಿಗೂ ಬೇರೆ ಮಾತು, ಬೇರೆ ನಡೆ ಕೊಟ್ಟವರು. ಅರ್ನಾಳಕರರಲ್ಲಿ ನಾಯಕನ ಹೆಸರು ಅಳಿಸಿದರೆ ಯಾರೆಂದು ಹೇಳಲಾಗದು. ಶಿರವಳಕರರಲ್ಲಿ ಎರಡು ಸಾಲಿನ ಸಂಭಾಷಣೆ ಸಾಕು. ಹಾಗಂತ ಇವರದೂ ಎಲ್ಲ ಗಟ್ಟಿ ಅಲ್ಲ. ಅರ್ಧದವರೆಗೆ ಅದ್ಭುತವಾಗಿ ಗಂಟು ಹಾಕಿ, ಕೊನೆಗೆ ಬಿಚ್ಚಲು ತಾಳ್ಮೆ ಸಾಲದೆ ಕತ್ತರಿಯಿಂದ ಕತ್ತರಿಸಿಬಿಡುವ ಚಟ ಅವರದು. ವಿಚಿತ್ರವೆಂದರೆ ಇವರನ್ನು ಮರಾಠಿ ಮಂದಿ ಇಂದಿಗೂ ನೆನೆಯುವುದು ಪತ್ತೇದಾರಿಗಾಗಿ ಅಲ್ಲ, 'ದುನಿಯಾದಾರಿ' ಎಂಬ ಕಾಲೇಜು ಕಾದಂಬರಿಗಾಗಿ. 2013ರಲ್ಲಿ ಅದು ಸಿನಿಮಾ ಆದಾಗ ಕಾಲೇಜು ರಸ್ತೆಯ ಹುಡುಗರು ಹಳೆಯ ಪ್ರತಿಗಾಗಿ ಹುಡುಕಾಡಿದ್ದನ್ನು ನೋಡಿದ್ದೇನೆ.

ಇಂಥದ್ದೇ ಕಥೆ ನಮ್ಮ ಟಿ.ಕೆ. ರಾಮರಾವ್ ಅವರದು. ಪತ್ತೇದಾರಿಯಲ್ಲಿ ಹೆಸರು ಮಾಡಿದವರು, ಆದರೆ ಜನರಿಗೆ ಥಟ್ಟನೆ ನೆನಪಾಗುವುದು 'ಬಂಗಾರದ ಮನುಷ್ಯ'. 1972ರ ಆ ಸಿನಿಮಾಕ್ಕೆ ಅವರ ಕಾದಂಬರಿಯೇ ಮೂಲ. ನನ್ನ ಮಟ್ಟಿಗೆ ಕನ್ನಡ ಪತ್ತೇದಾರಿಯಲ್ಲಿ ಇವರೇ ಮೇಲು, ಇದರಲ್ಲಿ ನನಗೆ ಅಳುಕಿಲ್ಲ. ಕಾರಣ ಒಂದೇ: ಇವರಿಗೆ ಜಾಗ ಗೊತ್ತು. ತೋಟದ ಬಂಗಲೆ ಎಂದರೆ ಬರೀ ಬಂಗಲೆಯಲ್ಲ. ಅದರ ಹಿಂದಿನ ಒಣಗಿಸುವ ಕಣ, ಒದ್ದೆ ಕಟ್ಟಿಗೆಯ ಹೊಗೆ, ಆಳುಗಳ ಲೈನು, ರೈಟರನ ಲೆಕ್ಕದ ಪುಸ್ತಕ, ಎಲ್ಲ ಇರುತ್ತದೆ. ಕೊಲೆಯ ಕಾರಣ ಆ ಕೆಲಸದ ಒಳಗಿನಿಂದಲೇ ಹುಟ್ಟುತ್ತದೆ. ನರಸಿಂಹಯ್ಯನವರಲ್ಲಿ ಉಯಿಲಿಗಾಗಿ ಕೊಲ್ಲುತ್ತಾರೆ. ರಾಮರಾಯರಲ್ಲಿ ಹದಿನೈದು ವರ್ಷ ಒಬ್ಬನ ಕೈಕೆಳಗೆ ದುಡಿದ ಸಿಟ್ಟಿಗಾಗಿ ಕೊಲ್ಲುತ್ತಾರೆ. ಅಂಥವನ ಹೆಸರನ್ನು ಐದನೆಯ ಪುಟದಲ್ಲಿ ಬರೆದಿಟ್ಟರೂ ನಾನು ಓದುತ್ತೇನೆ. ಯಾವ ದಿನ ಅವನ ಸಿಟ್ಟು ಹದ ಮೀರಿತು ಎಂದು ನೋಡುವ ಆಸೆಗೆ.

ಹಾಗೆಂದು ರಾಮರಾಯರನ್ನು ಪೂಜೆಗೆ ಕೂರಿಸಲಾರೆ. ಧಾರಾವಾಹಿಯಾಗಿ ಬರೆದದ್ದೆಂದು ಪುಟ ಪುಟವೂ ಹೇಳುವ ಕಾದಂಬರಿಗಳು ಅವರಲ್ಲಿವೆ. ವಾರಕ್ಕೊಂದು ಕಂತು, ಕಂತಿನ ಕೊನೆಗೊಂದು ಬೆಚ್ಚಿಬೀಳುವಿಕೆ. ಪುಸ್ತಕವಾಗಿ ಓದಿದಾಗ ಮೂರು ಪುಟಕ್ಕೊಮ್ಮೆ ಯಾರಾದರೂ ಕಿರುಚುತ್ತಾರೆ. ಮಳೆಯ ವರ್ಣನೆ ಒಮ್ಮೊಮ್ಮೆ ಕಂತಿನ ಉದ್ದ ತುಂಬಿಸಲು ಬಂದ ಮಳೆ. ಖಾನಾಪುರದವರಿಗೆ ಮಳೆಯ ವಿಷಯದಲ್ಲಿ ಮೋಸ ಮಾಡುವುದು ಕಷ್ಟ. ನಮ್ಮಲ್ಲಿ ಜೂನಿನಲ್ಲಿ ಹಿಡಿದ ಜಡಿ ಬಿಡುವಷ್ಟರಲ್ಲಿ ಗೋಡೆಗೆ ಹಾವಸೆ ಕಟ್ಟಿರುತ್ತದೆ, ಪುಸ್ತಕದ ಬೆನ್ನಿಗೆ ಬೂಷ್ಟು. ನಿಜವಾದ ಮಳೆ ಯಾವುದು, ಫಾರಂ ತುಂಬುವ ಮಳೆ ಯಾವುದು ಎಂದು ವಾಸನೆಯಿಂದಲೇ ಹೇಳುತ್ತೇವೆ.

ಇಂಗ್ಲಿಷಿನವರ ವಿಷಯ ಬೇಗ ಮುಗಿಸುತ್ತೇನೆ, ಅವರ ಬಗ್ಗೆ ಬರೆದವರು ಸಾಕಷ್ಟಿದ್ದಾರೆ. ಬೆಳಗಾವಿ ಕ್ಯಾಂಪಿನ ಕಡೆ ಸೈನಿಕರ ಕುಟುಂಬಗಳು ವರ್ಗವಾಗಿ ಹೋಗುವಾಗ ರದ್ದಿಗೆ ಹಾಕಿದ ಪುಸ್ತಕಗಳೇ ನಮ್ಮ ಇಂಗ್ಲಿಷ್ ವಾಚನಾಲಯ. ಜೇಮ್ಸ್ ಹ್ಯಾಡ್ಲಿ ಚೇಸ್ ಕಿಲೋ ಲೆಕ್ಕದಲ್ಲಿ ಸಿಗುತ್ತಿದ್ದ. ನಕ್ಷೆ ಮತ್ತು ನಿಘಂಟು ಮುಂದಿಟ್ಟುಕೊಂಡು ಇಂಗ್ಲೆಂಡಿನಲ್ಲಿ ಕೂತು ಅಮೆರಿಕದ ಕಥೆ ಬರೆದ ಆಸಾಮಿ. ತೊಂಬತ್ತರ ಸುಮಾರು ಪುಸ್ತಕ, ಎಲ್ಲದಕ್ಕೂ ಒಂದೇ ವೇಗ. ರಾಮರಾಯರನ್ನು ಓದಿ ಬಂದವನಿಗೆ ಆ ಊರುಗಳು ರಟ್ಟಿನ ಊರುಗಳು ಎಂದು ತಕ್ಷಣ ತಿಳಿಯುತ್ತದೆ. ಕಾನನ್ ಡಾಯ್ಲ್ ಬರವಣಿಗೆಯ ಮಟ್ಟ ಇಳಿದದ್ದು ಇನ್ನೊಂದು ಕಾರಣಕ್ಕೆ: ತನ್ನ ನಾಯಕನ ಮೇಲೆಯೇ ಬೇಸರ ಬಂದು 1893ರಲ್ಲಿ ಅವನನ್ನು ಜಲಪಾತಕ್ಕೆ ನೂಕಿದ. ಜನ ಬಿಡಲಿಲ್ಲ, 1903ರಲ್ಲಿ ಮರಳಿ ತಂದ. 1927ರ ಕೊನೆಯ ಸಂಕಲನ ಓದಿದರೆ ಮನಸ್ಸಿಲ್ಲದೆ ಮಾಡಿದ ಅಡಿಗೆಯ ರುಚಿ.

ಅಗಾಥಾ ಕ್ರಿಸ್ಟಿಯ ಇಳಿತ ಮಾತ್ರ ಹೊಟ್ಟೆಯಲ್ಲಿ ಸಂಕಟ ಹುಟ್ಟಿಸುತ್ತದೆ. ಅರವತ್ತಾರು ಪತ್ತೇದಾರಿ ಕಾದಂಬರಿ ಬರೆದ ಆಕೆಯ ಕೊನೆಯ ಕೆಲವು ಪುಸ್ತಕಗಳಲ್ಲಿ ಎಳೆ ತಪ್ಪುತ್ತದೆ, ಹೇಳಿದ್ದನ್ನೇ ಹೇಳುತ್ತಾಳೆ. 2009ರಲ್ಲಿ ಟೊರೊಂಟೊದ ವಿದ್ವಾಂಸರು ಆಕೆಯ ಕಾದಂಬರಿಗಳ ಪದಗಳನ್ನು ಎಣಿಸಿದರು. 1972ರ 'ಎಲಿಫೆಂಟ್ಸ್ ಕ್ಯಾನ್ ರಿಮೆಂಬರ್' ಹೊತ್ತಿಗೆ ಆಕೆ ಬಳಸುವ ಬೇರೆ ಬೇರೆ ಪದಗಳ ಸಂಖ್ಯೆ ಬಹಳ ಕುಗ್ಗಿತ್ತು. ಇದು ಮರೆವಿನ ಕಾಯಿಲೆಯ ಗುರುತಾಗಿರಬಹುದು ಎಂದರು. ನಾನು ಆ ಪುಸ್ತಕವನ್ನು ಕಾಲೇಜಿನಲ್ಲಿದ್ದಾಗ ಓದಿ 'ಮುದುಕಿಗೆ ಸಾಕಾಗಿದೆ' ಎಂದು ಗೆಳೆಯರ ಮುಂದೆ ನಕ್ಕಿದ್ದೆ. ಆಮೇಲೆ ಅವ್ವ ಕೊನೆಯ ಎರಡು ವರ್ಷ ಒಂದೇ ನರಸಿಂಹಯ್ಯನವರ ಪುಸ್ತಕವನ್ನು ತಿಂಗಳಿಗೆ ನಾಲ್ಕು ಸಲ ಹೊಸದೆಂಬಂತೆ ಓದುತ್ತ, ಪ್ರತಿ ಸಲವೂ ಕೊಲೆಗಾರನನ್ನು ಕಂಡು ಬೆರಗಾಗುತ್ತಿದ್ದಳು. ಅಂದಿನ ನಗೆ ನೆನಪಾಗುತ್ತಿತ್ತು. ಕ್ರಿಸ್ಟಿ ಜಾಣೆ, ಪ್ವಾರೊನ ಕೊನೆಯ ಕಥೆಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲೇ, ಕೈ ಗಟ್ಟಿಯಿದ್ದಾಗಲೇ ಬರೆದು ತೆಗೆದಿಟ್ಟಿದ್ದಳು. ಅದು ಅಚ್ಚಾದದ್ದು 1975ರಲ್ಲಿ. ಹಾಗಾಗಿ ಆಕೆಯ ಕೊನೆಕೊನೆಗೆ ಅಚ್ಚಾದವುಗಳಲ್ಲಿ ಒಂದು ಮೊದಲ ದರ್ಜೆಯದು. ಪ್ರಕಟಣೆಯ ವರ್ಷ ನೋಡಿ ಲೇಖಕರ ಏರಿಳಿತದ ನಕ್ಷೆ ಬರೆಯುವವರು ಇಲ್ಲಿ ಎಡವುತ್ತಾರೆ.

ಕನ್ನಡದಲ್ಲಿ ಪತ್ತೇದಾರಿ ಎಂಬ ಹಣೆಪಟ್ಟಿ ಇಲ್ಲದೆ ಪತ್ತೇದಾರಿ ಬರೆದವರು ಪೂರ್ಣಚಂದ್ರ ತೇಜಸ್ವಿ. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಚಿದಂಬರ ರಹಸ್ಯ'ದಲ್ಲಿ ಏಲಕ್ಕಿ ವಿಜ್ಞಾನಿ ಜೋಗಿಹಾಳನ ಸಾವಿನ ತನಿಖೆಗೆ ಬರುವ ಅಧಿಕಾರಿಯ ಅಡ್ಡಹೆಸರು ಅಂಗಡಿ. ಮಲೆನಾಡಿನ ಕೆಸರೂರಿಗೆ ನಮ್ಮ ಕಡೆಯ ಹೆಸರಿನವನೊಬ್ಬ ತನಿಖೆಗೆ ಬಂದದ್ದು ನನಗೆ ಮೊದಲ ಓದಿನಲ್ಲೇ ಖುಷಿ ಕೊಟ್ಟಿತ್ತು. ಗಂಟು ಪೂರ್ತಿ ಬಿಚ್ಚದೆ ಮುಗಿಯುವ ಈ ಕಾದಂಬರಿಗೆ ಪೆನ್ಸಿಲ್ ಹಿಡಿದ ಪುಣ್ಯಾತ್ಮರು ಏನನ್ನೂ ಬರೆಯಲಾರರು. 'ಜುಗಾರಿ ಕ್ರಾಸ್' ಅದಕ್ಕಿಂತ ಚುರುಕು, ಒಂದೇ ದಿನದ ಓಟ. ಆದರೆ ಎರಡನೆಯ ಓದಿಗೆ ನನ್ನ ಕೈ ಹೋಗುವುದು 'ಚಿದಂಬರ ರಹಸ್ಯ'ದ ಕಡೆಗೇ. ತೇಜಸ್ವಿಯವರಿಗೆ ತಿಂಗಳಿಗೊಂದು ಪುಸ್ತಕ ಕೊಡುವ ಗರಜು ಇರಲಿಲ್ಲ, ತೋಟ ಇತ್ತು. ನರಸಿಂಹಯ್ಯನವರ ಜತೆ ಅವರನ್ನು ಒಂದೇ ತಕ್ಕಡಿಯಲ್ಲಿ ತೂಗುವಾಗ ಇದನ್ನು ಮರೆಯಬಾರದು.

ಪೊಲೀಸ್ ಅಧಿಕಾರಿಯಾಗಿದ್ದ ವಿಜಯ ಸಾಸನೂರರ ಕಾದಂಬರಿಗಳಿಗೆ ಠಾಣೆಯ ಒಳಗಿನ ತಿಳಿವಳಿಕೆ ಇದೆ. 2000ದಲ್ಲಿ ಬಂದ ರಾಜಕುಮಾರರ 'ಶಬ್ದವೇಧಿ' ಇವರ ಕಾದಂಬರಿಯದೇ. ಆದರೆ ಓದುವಾಗ ಸಿನಿಮಾದ ಕ್ಯಾಮೆರಾ ಎಲ್ಲಿ ನಿಲ್ಲುತ್ತದೆಂದು ಕಾಣತೊಡಗುತ್ತದೆ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರು 'ಕನಕ ಮುಸುಕು', 'ಕರಿಸಿರಿಯಾನ'ಗಳಲ್ಲಿ ಶಾಸನ, ಶಿಲ್ಪ, ನಿಧಿಗಳನ್ನು ಇಟ್ಟು ಹೊಸದೊಂದು ದಾರಿ ತೆರೆದರು. ಹಲಸಿಯ ಕದಂಬರ ಗುಡಿ ನಮ್ಮ ತಾಲ್ಲೂಕಿನಲ್ಲೇ, ದೇಗಾಂವಿಯ ಕಮಲನಾರಾಯಣ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ನನಗೆ ಅವರ ದಾರಿ ಇಷ್ಟ. ಆದರೆ ಮುಂದಿನ ಕೆಲವು ಪುಸ್ತಕಗಳಲ್ಲಿ ಪಾತ್ರಗಳು ಓಡುವುದನ್ನು ಬಿಟ್ಟು ಪಾಠ ಹೇಳುತ್ತವೆ. ಹಿಂದೆ ಬಂದೂಕು ಹಿಡಿದವನು ಇದ್ದಾಗಲೂ ಎರಡು ಪುಟ ಶಾಸನದ ಅರ್ಥ ಬಿಡಿಸುವ ತಾಳ್ಮೆ ಯಾರಿಗಿದ್ದೀತು?

ಇವರೆಲ್ಲರನ್ನೂ ಪೆನ್ಸಿಲ್ಲಿನ ಕೆಳಗೆ ಹಾಯಿಸಿದ ಮೇಲೆ ನನಗೆ ನೆನಪಾದದ್ದು ಪುಸ್ತಕವೇ ಅಲ್ಲ. ಬೈಲಹೊಂಗಲದ ಕಡೆಯ 'ಸಂಗ್ಯಾ ಬಾಳ್ಯಾ'. ನಡೆದುಹೋದ ಖೂನಿಯೊಂದರ ಮೇಲೆ ಕಟ್ಟಿದ್ದೆಂದು ನಮ್ಮ ಹಿರಿಯರು ಹೇಳುತ್ತಿದ್ದ ಸಣ್ಣಾಟ. ಸಾಹುಕಾರ ಸಂಗ್ಯಾ, ಅವನ ಜೀವದ ಗೆಳೆಯ ಬಾಳ್ಯಾ, ಗಂಗಾ, ಅವಳ ಗಂಡ ಈರ್ಯಾ. ಯಾರು ಸಾಯುತ್ತಾನೆ, ಯಾರು ಕೊಲ್ಲುತ್ತಾನೆ, ಯಾರು ಕೈಕೊಡುತ್ತಾನೆ ಎಂಬುದು ಕೂಸಿಗೂ ಗೊತ್ತು. ಆದರೂ ಜಾತ್ರೆಯಲ್ಲಿ ಬೆಳತನಕ ಕಂಬಳಿ ಹೊದ್ದು ಜನ ಕೂರುತ್ತಾರೆ. ಹುಡುಗನಿದ್ದಾಗ ಒಂದು ಸಲ ಕಾಕಾನ ಜತೆ ಹೋಗಿದ್ದೆ. ಬಾಳ್ಯಾ ಗೆಳೆಯನನ್ನು ಕರೆದೊಯ್ಯಲು ಬರುವ ಹೊತ್ತಿಗೆ ಮುಂದಿನ ಸಾಲಿನ ಒಬ್ಬ ಮುದುಕ ಎದ್ದು ನಿಂತು, "ಏ ಸಂಗ್ಯಾ, ಹೋಗಬ್ಯಾಡೋ, ಹೋಗಬ್ಯಾಡ!" ಎಂದು ಕೂಗಿದ. ಯಾರೂ ನಗಲಿಲ್ಲ. ವೇಷ ಹಾಕಿದವನೂ ಅರೆಗಳಿಗೆ ಅವನ ಕಡೆ ನೋಡಿ, ತಲೆ ತಗ್ಗಿಸಿ, ಹೋದ. ಆ ಮುದುಕ ಅದೇ ಆಟವನ್ನು ಎಷ್ಟು ಸಲ ನೋಡಿದ್ದನೋ! ಪ್ರತಿ ಸಲವೂ ಈ ಸಲವಾದರೂ ಉಳಿದಾನು ಎಂಬ ಆಸೆ.

ನಮ್ಮ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿಯಲ್ಲೂ ಹಾಗೆಯೇ. ಹಿಡಿದುಕೊಟ್ಟವರ ಹೆಸರು ಮೊದಲೇ ಗೊತ್ತು. ಸ್ನಾನಕ್ಕಿಳಿದ ರಾಯಣ್ಣ ಕತ್ತಿಯನ್ನು ಯಾರ ಕೈಗೆ ಕೊಡುತ್ತಾನೆ ಎನ್ನುವಾಗ ಕೇಳುವವನ ಎದೆ ಮಾತ್ರ ಪ್ರತಿ ಸಲವೂ ಹೊಸದಾಗಿ ಹೊಡೆದುಕೊಳ್ಳುತ್ತದೆ. ಅಚ್ಚಿನ ಮನೆ ಬರುವ ಮುಂಚೆಯೂ ಈ ನೆಲಕ್ಕೆ ಖೂನಿಯ ಕಥೆ ಹೇಳುವುದು ಗೊತ್ತಿತ್ತು. ಕೊಲೆಗಾರನನ್ನು ಬಚ್ಚಿಡುವ ಅಗತ್ಯ ಅದಕ್ಕೆ ಬೀಳಲಿಲ್ಲ.

ಒಂದು ಕೊರಗು ಉಳಿದಿದೆ. ನಾನು ಓದಿದ ಪತ್ತೇದಾರಿ ಕಾದಂಬರಿಗಳು ಬೆಂಗಳೂರು, ಮಡಿಕೇರಿ, ಮುಂಬಯಿ, ಪುಣೆಗಳಲ್ಲಿ ಸುತ್ತುತ್ತವೆ. ಬೆಳಗಾವಿಗೆ ಬಂದರೆ ರೈಲು ಬದಲಿಸಲು ಅಷ್ಟೇ. ಇಲ್ಲಿ ಏನಿಲ್ಲ? ಊರಂಚಿಗೆ ಗಲ್ಲುಗಂಬ ಇರುವ ಹಿಂಡಲಗಾ ಜೈಲು. ರಾಜ್ಯದ ಗಡಿ ಎರಡು ದಿಕ್ಕಿಗೆ, ಓಡಿಹೋಗುವವನಿಗೆ ಎರಡು ದಾರಿ. ಲೋಂಡಾ ಜಂಕ್ಷನ್ನು, ಕ್ಯಾಸಲ್‌ರಾಕಿನ ಸುರಂಗಗಳು, ಭೀಮಗಡದ ಕಾಡು. ಖಡೇಬಜಾರದಲ್ಲಿ ಒಂದೇ ಮಾತನ್ನು ಗಿರಾಕಿಗೆ ಕನ್ನಡದಲ್ಲಿ, ಪಾಲುದಾರನಿಗೆ ಮರಾಠಿಯಲ್ಲಿ, ಹಮಾಲನಿಗೆ ಉರ್ದುವಿನಲ್ಲಿ ಬೇರೆ ಬೇರೆಯಾಗಿ ಹೇಳುವ ವ್ಯಾಪಾರಿ. ಸಾಕ್ಷಿ ಯಾವ ಭಾಷೆಯಲ್ಲಿ ಸುಳ್ಳು ಹೇಳುತ್ತಾನೆ, ಯಾವುದರಲ್ಲಿ ಸಿಕ್ಕಿಬೀಳುತ್ತಾನೆ 
ಎಂಬುದರ ಮೇಲೆಯೇ ಒಂದು ಕಾದಂಬರಿ ಕಟ್ಟಬಹುದು. ಜಂಬೋಟಿಯ ಮಳೆ, ಮಲಪ್ರಭೆಯ ಮಡು, ಖಾನಾಪುರದ ಕುಂಬಾರರ ಆವಿಗೆಯ ಬೂದಿ, ಇಷ್ಟನ್ನು ರಾಮರಾಯರ ಕೈಗೆ ಕೊಟ್ಟಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹೆಸರಿಲ್ಲದ ಆ ಪುಸ್ತಕವನ್ನು ಕೊನೆಗೆ ಹಿಡಿದೆ. ಯಾರು ಬರೆದದ್ದೆಂದು ಗೊತ್ತಿಲ್ಲದೆ ಓದುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ಮೊದಲ ಮೂವತ್ತು ಪುಟ 'ಇದು ನರಸಿಂಹಯ್ಯನವರದೇ' ಎಂದುಕೊಂಡು ಮನ್ನಿಸುತ್ತ ಓದಿದೆ. ಅರವತ್ತರ ಹೊತ್ತಿಗೆ ಒಂದು ಅಡಿಗೆಮನೆಯ ವರ್ಣನೆ ಬಂದು, ಇಲ್ಲ, ಇದು ರಾಮರಾಯರ ಆರಂಭದ ಕಾಲದ್ದಿರಬೇಕು ಅನಿಸಿ, ಅಲ್ಲಿಯವರೆಗಿನ ತಪ್ಪುಗಳೆಲ್ಲ ಒಮ್ಮೆಲೆ ಸಿಟ್ಟು ತರಿಸತೊಡಗಿದವು. ಪುಸ್ತಕ ಅದೇ, ನಾನು ಇಟ್ಟ ಹೆಸರು ಮಾತ್ರ ಬೇರೆ. ವಕೀಲನ ಮೇಲೆ ಕಣ್ಣಿಟ್ಟೇ ಇದ್ದೆ. ಒಳ್ಳೆಯ ಮನುಷ್ಯನಂತೆ ಕಾಣುತ್ತಿದ್ದ, ಬಡವರ ಖಟ್ಲೆ ಬಿಟ್ಟಿ ನಡೆಸುತ್ತಿದ್ದ, ಅದಕ್ಕೇ ಸಂಶಯ ಹೆಚ್ಚಾಯಿತು. ತೊಂಬತ್ತಾರನೆಯ ಪುಟಕ್ಕೆ ಕಥೆ ನಿಂತಿತು. ಕೊನೆಯ ಫಾರಮ್ಮೇ ಇಲ್ಲ. ಹೊಲಿಗೆಯ ದಾರ ಮಾತ್ರ ಜೋತುಬಿದ್ದಿತ್ತು.

ಆ ಪುಟದ ಕೆಳಗೆ ನೀಲಿ ಶಾಯಿಯಲ್ಲಿ ಇನ್ನೊಂದು ಬರಹ ಇತ್ತು. ಐದನೆಯ ಪುಟದ ಪೆನ್ಸಿಲ್ಲಿಗೆ ಉತ್ತರವಾಗಿ ಬೇರೆ ಯಾರೋ ಓದುಗರು ಮರಾಠಿಯಲ್ಲಿ ಬರೆದದ್ದು: "ಖೋಟಂ ಆಹೇ. ವಕೀಲ ನಾಹೀ." ಸುಳ್ಳು, ವಕೀಲ ಅಲ್ಲ. ಹಾಗಾದರೆ ಯಾರು ಎಂಬುದನ್ನು ಮಾತ್ರ ಬರೆದಿರಲಿಲ್ಲ. ಕಾಕಾನ ಅಕ್ಷರವೇ ಇರಬಹುದೆಂದು ಅವನ ಹಳೆಯ ಹಿಶೇಬಿನ ವಹಿಯನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದೆ. 'ವ' ಹೊಂದುತ್ತದೆ, 'ಹ' ಹೊಂದುವುದಿಲ್ಲ.